ನಾಯಿ ಸಾಕಿದರೆ ಸಾಲದು, ಕಲಿಸಬೇಕು

ಕೊಳೆರೋಗ, ಎಲೆಚುಕ್ಕೆ, ಕಾಯಿಕೊರಕ, ಆಳಿನ ಅಭಾವ, ಗೊಬ್ಬರದ ದರ ಇಷ್ಟೆಲ್ಲ ತಲೆನೋವುಗಳಿರುವಾಗ ಸಂಘದ ಪತ್ರಿಕೆಯಲ್ಲಿ ನಾಯಿಯ ವಿಷಯ ಏಕೆ ಬಂತು ಎಂದು ಸದಸ್ಯ ಬಾಂಧವರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ನಮ್ಮ ಸೀಮೆಯಲ್ಲಿ ತೋಟವಿದ್ದ ಮನೆಗೆ ನಾಯಿ ಇಲ್ಲದೆ ಇರುವುದುಂಟೆ? ಒಂಟಿ ಮನೆ, ಸುತ್ತ ಕಾಡು, ಹಗಲು ಮಂಗನ ಕಾಟ, ರಾತ್ರಿ ಹಂದಿಯ ಕಾಟ, ಕಣದಲ್ಲಿ ಅಡಿಕೆ ಅಥವಾ ಕಾಫಿ. ಎರಡೆಕರೆಯವರಿಂದ ಹಿಡಿದು ಇಪ್ಪತ್ತು ಎಕರೆಯವರ ತನಕ ಎಲ್ಲರ ಅಂಗಳದಲ್ಲೂ ಒಂದು ನಾಯಿ ಇದ್ದೇ ಇದೆ. ಹೀಗಿದ್ದೂ ಅದರ ವಿಷಯದಲ್ಲಿ ನಾವು ತೋರುವಷ್ಟು ಉದಾಸೀನವನ್ನು ಮನೆಯ ಬೇರೆ ಯಾವ ಪ್ರಾಣಿಯ ವಿಷಯದಲ್ಲೂ ತೋರುವುದಿಲ್ಲ. ಹೋರಿಗೆ ಪಳಗಿಸುತ್ತೇವೆ, ಕರುವಿಗೆ ಹಗ್ಗ ಕಲಿಸುತ್ತೇವೆ, ನಾಯಿಗೆ ಮಾತ್ರ ಒಂದು ಸರಪಳಿ ಹಾಕಿ ಕೈ ತೊಳೆದುಕೊಳ್ಳುತ್ತೇವೆ.

ಇದನ್ನು ಬೇರೆಯವರ ತಪ್ಪೆಂದು ಬರೆಯುತ್ತಿಲ್ಲ. ನಮ್ಮ ಮನೆಯ ತಪ್ಪನ್ನೇ ಮೊದಲು ಹೇಳಿಬಿಡುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಒಂದು ದೊಡ್ಡ ನಾಯಿ ಇತ್ತು. ಮರಿಯಾಗಿದ್ದಾಗ ಒಣಗಲು ಹರವಿದ ಅಡಿಕೆಯ ಮೇಲೆ ಹೊಲಸು ಮಾಡಿತೆಂದು ಮೂರು ತಿಂಗಳಿಗೇ ಅದನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಿದೆವು. ಅಲ್ಲಿಂದ ಮುಂದೆ ಅದರ ಲೋಕವೆಂದರೆ ಆರು ಅಡಿ ಸರಪಳಿ. ಹೋಗುವವರು ಬರುವವರಿಗೆಲ್ಲ ಎಗರಿ ಬೊಗಳುತ್ತಿತ್ತು. "ನಾಯಿ ಬಹಳ ಜೋರು" ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆವು. ಒಂದು ವರ್ಷ ಅಡಿಕೆ ಸುಲಿಯುವ ಕಾಲದಲ್ಲಿ, ರಾತ್ರಿ ಕೆಲಸ ಮುಗಿಸಿ ಕೈ ತೊಳೆಯಲು ಹೊರಟ ಹೆಂಗಸೊಬ್ಬಳ ಮೀನಖಂಡಕ್ಕೆ ಬಾಯಿ ಹಾಕಿತು. ಸರಪಳಿಯ ಕೊಂಡಿ ಸವೆದಿದ್ದುದನ್ನು ನಾವು ನೋಡಿರಲಿಲ್ಲ.

ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಗಾಯದ ಸುತ್ತ ಒಂದು ಮದ್ದು, ತೋಳಿಗೆ ಒಂದು ಮದ್ದು. ಮತ್ತೆ ಮೂರನೆಯ ದಿನ, ಏಳನೆಯ ದಿನ, ಇಪ್ಪತ್ತೆಂಟನೆಯ ದಿನ ಹೋಗಬೇಕಾಯಿತು. ಜೀಪಿನ ಖರ್ಚು, ಕೂಲಿ ಎಲ್ಲವನ್ನೂ ಕೊಟ್ಟೆವು, ಅದು ದೊಡ್ಡ ಮಾತಲ್ಲ. ಮೂರನೆಯ ಸಲ ಹೋಗುವಾಗ ಆಕೆ ಹೇಳಿದ ಮಾತು ಮಾತ್ರ ಈಗಲೂ ಕಿವಿಯಲ್ಲಿದೆ. "ನಾಯಿದೇನ್ ತಪ್ಪು ಅಯ್ಯಾ? ಹುಟ್ಟಿದ್ದಾಗಿಂದ ಕಟ್ಟಿ ಹಾಕಿ, ಯಾರ ಮುಖಾನೂ ನೋಡಕ್ಕೆ ಬಿಡ್ದೆ ಇದ್ರೆ ಅದಾದ್ರೂ ಏನ್ ಮಾಡ್ತದೆ?"

ನಾಯಿಯನ್ನು ಹತ್ತು ದಿನ ನೋಡಿದೆವು. ಅದಕ್ಕೆ ಏನೂ ಆಗಲಿಲ್ಲ. ಆದರೆ ಮುಂದಿನ ಮಳೆಗಾಲದಲ್ಲಿ, ಆಷಾಢದ ಒಂದು ರಾತ್ರಿ, ಚಿರತೆ ಬಂದು ಅದೇ ಕಂಬದ ಬುಡದಿಂದ ಅದನ್ನು ಎತ್ತಿಕೊಂಡು ಹೋಯಿತು. ಓಡಲು ಅದಕ್ಕೆ ದಾರಿಯಿರಲಿಲ್ಲ. ಬೆಳಿಗ್ಗೆ ಉಳಿದಿದ್ದುದು ಹೊಸ ಸರಪಳಿ ಮಾತ್ರ.

ತೋಟದ ಕಾವಲಿಗೆಂದು ಸಾಕಿದ ನಾಯಿ ಹೀಗೆ ಒಬ್ಬ ಬಡ ಹೆಂಗಸಿಗೆ ಗಾಯ ಮಾಡಿ, ಕೊನೆಗೆ ತನ್ನನ್ನೂ ಕಾಯ್ದುಕೊಳ್ಳಲಾರದೆ ಹೋಯಿತು. ಈ ಎರಡಕ್ಕೂ ಮೂಲ ಒಂದೇ. ಮರಿಯಾಗಿದ್ದಾಗ ಎಲ್ಲಿ ಹೊರಕಡೆಗೆ ಹೋಗಬೇಕು, ಕರೆದರೆ ಬರಬೇಕು ಎಂಬ ಎರಡು ಪಾಠಗಳನ್ನು ನಾವು ಕಲಿಸಲಿಲ್ಲ. ಕಲಿಸುವ ತೊಂದರೆ ತಪ್ಪಿಸಿಕೊಳ್ಳಲು ಕಟ್ಟಿದೆವು.

ರಾತ್ರಿ ಒಳಗಿರಬೇಕಾದರೆ

"ನಮ್ಮದು ಹೊರಗಿನ ನಾಯಿ, ಅದಕ್ಕೆ ಮನೆಯ ಶಿಸ್ತು ಏಕೆ?" ಎಂದು ಹಲವರು ಕೇಳುತ್ತಾರೆ. ಚಿರತೆಯಿರುವ ಊರಿನಲ್ಲಿ ರಾತ್ರಿ ನಾಯಿಯನ್ನು ಅಂಗಳದಲ್ಲಿ ಕಟ್ಟುವುದೆಂದರೆ ಚಿರತೆಗೆ ಎಲೆ ಹಾಕಿ ಬಡಿಸಿದಂತೆ. ಒಮ್ಮೆ ರುಚಿ ಕಂಡ ಚಿರತೆ ಅದೇ ಅಂಗಳಕ್ಕೆ ಮತ್ತೆ ಬರುತ್ತದೆ. ಆದುದರಿಂದ ರಾತ್ರಿ ನಾಯಿ ಬಾಗಿಲಿರುವ ಜಾಗದಲ್ಲಿರಬೇಕು. ಹಿರಿಯರಿರುವ ಎಷ್ಟೋ ಮನೆಗಳಲ್ಲಿ ನಾಯಿ ಹೊಸಿಲು ದಾಟುವುದು ಒಪ್ಪಿಗೆಯಿಲ್ಲ. ದಾಟಬೇಕೆಂದು ನಾವೂ ಹೇಳುವುದಿಲ್ಲ. ಬಾಗಿಲಿರುವ ಸೌದೆ ಕೊಟ್ಟಿಗೆ ಸಾಕು, ಮುಚ್ಚಿದ ಜಗಲಿಯ ಮೂಲೆ ಸಾಕು. ಒಳಗಿದ್ದರೂ ಅದರ ಕಿವಿ ಹೊರಗೇ ಇರುತ್ತದೆ, ಕಾವಲಿಗೆ ಕೊರತೆಯಿಲ್ಲ. ಆದರೆ ಒಳಗೆ ಮಲಗುವ ನಾಯಿ ಬೆಳಗಿನವರೆಗೆ ತಡೆದುಕೊಳ್ಳುವುದನ್ನು ಕಲಿತಿರಬೇಕು. ಅದಕ್ಕಾಗಿಯೇ ಈ ಪಾಠ.

ಎರಡನೆಯ ಕಾರಣ ನಮ್ಮ ಕಣ. ನಾವು ಒಣಗಿಸುವ ಅಡಿಕೆ, ಕಾಫಿ, ಮೆಣಸು ಮೂರೂ ಜನರ ಬಾಯಿಗೆ ಹೋಗುವ ಪದಾರ್ಥಗಳು. ಅದರ ಮೇಲೆ ನಾಯಿ ಹೊರಳುವುದನ್ನು, ಗಲೀಜು ಮಾಡುವುದನ್ನು ನೋಡಿಯೂ ನೋಡದಂತೆ ಇರುವುದು ಬೆಳೆಗಾರನಿಗೆ ಶೋಭೆಯಲ್ಲ. ನಾಯಿಯ ಮಲದಿಂದ ಕೊಕ್ಕೆಹುಳು, ದುಂಡುಹುಳುಗಳ ಮೊಟ್ಟೆ ಮಣ್ಣಿಗೆ ಸೇರುತ್ತವೆ. ಬರಿಗಾಲಲ್ಲಿ ಆಡುವ ಮಕ್ಕಳಿಗೆ ಅದರಿಂದ ತೊಂದರೆಯುಂಟು. ತರಕಾರಿ ಮಡಿಯ ಗೊಬ್ಬರದ ಗುಂಡಿಗೂ ಅದನ್ನು ಹಾಕಬಾರದು.

ಮೊದಲ ಪಾಠ

ಮೂರು ವರ್ಷದ ಹಿಂದೆ ನಮ್ಮ ಮನೆಗೆ ಮತ್ತೊಂದು ಮರಿ ಬಂತು. ತಂದುಕೊಟ್ಟವಳು ಗಾಯ ಮಾಡಿಸಿಕೊಂಡ ಆ ಹೆಂಗಸೇ. ಅವಳ ಮನೆಯ ಕಂತ್ರಿ ನಾಯಿ ಈದಿತ್ತು. "ಇದನ್ನಾದ್ರೂ ಕಟ್ ಹಾಕ್ಬೇಡಿ" ಎಂದು ಕೊಟ್ಟಳು. ಪಶುವೈದ್ಯರನ್ನು ಕೇಳಿ, ನಾವೂ ತಪ್ಪಿ ತಿದ್ದಿಕೊಂಡು, ಈ ಮರಿಗೆ ಕಲಿಸಿದ ಕ್ರಮವನ್ನು ಇಲ್ಲಿ ಹೇಳುತ್ತೇವೆ.

ಎಂಟು ವಾರಕ್ಕೆ ಮೊದಲು ಮರಿಯನ್ನು ತಾಯಿಯಿಂದ ಬಿಡಿಸಬಾರದು. ಕಚ್ಚಿದರೆ ನೋವಾಗುತ್ತದೆಂಬ ಅರಿವು ಅದಕ್ಕೆ ಒಡಹುಟ್ಟಿದ ಮರಿಗಳ ಜೊತೆ ಆಡುವಾಗಲೇ ಬರುವುದು. ಮನೆಗೆ ಬಂದ ಮೇಲೆ ಹೊರಕಡೆಗೆ ಒಂದೇ ಜಾಗ ಗೊತ್ತು ಮಾಡಬೇಕು. ಅದು ಕಣದಿಂದ, ಬಾವಿಯಿಂದ, ತರಕಾರಿ ಮಡಿಯಿಂದ ದೂರವಿರಲಿ. ನಾವು ದರೆಯ ಪಕ್ಕದ ಒಂದು ಬಾಳೆಬುಡವನ್ನು ಗೊತ್ತು ಮಾಡಿದೆವು. ನಿದ್ದೆಯಿಂದ ಎದ್ದ ಕೂಡಲೆ, ಉಂಡ ಕೂಡಲೆ, ಆಡಿ ದಣಿದ ಕೂಡಲೆ ಅಲ್ಲಿಗೇ ಕರೆದೊಯ್ಯಬೇಕು. ಎರಡು ತಿಂಗಳ ಮರಿ ಎರಡು ಮೂರು ಗಂಟೆಗಿಂತ ಹೆಚ್ಚು ತಡೆಯಲಾರದು. ತಿಂಗಳಿಗೆ ಒಂದು ಗಂಟೆಯೆಂದು ಲೆಕ್ಕ ಹಾಕಿದರೆ ಸುಮಾರಾಗಿ ಸರಿಹೋಗುತ್ತದೆ. ಮೊದಲ ಕೆಲವು ವಾರ ರಾತ್ರಿಯೂ ಒಮ್ಮೆ ಏಳಬೇಕಾಗುತ್ತದೆ. ಹಸು ಕರು ಹಾಕುವ ದಿನಗಳಲ್ಲಿ ನಾವು ಏಳುವುದಿಲ್ಲವೆ? ಹಾಗೆಂದು ತಿಳಿದರಾಯಿತು.

ಗೊತ್ತಾದ ಜಾಗದಲ್ಲಿ ಕೆಲಸ ಮುಗಿಸಿದ ಕ್ಷಣದಲ್ಲೇ ಬೆನ್ನು ಸವರಿ, ಒಂದು ಚೂರು ರೊಟ್ಟಿಯನ್ನೋ ಒಣಮೀನನ್ನೋ ಕೊಡಬೇಕು. ಆ ಕ್ಷಣದಲ್ಲೇ ಎಂಬುದು ಮುಖ್ಯ. ಮನೆಗೆ ಮರಳಿದ ಮೇಲೆ ಕೊಟ್ಟರೆ ಮನೆಗೆ ಬಂದುದಕ್ಕೆ ಕೊಟ್ಟರೆಂದು ಅದು ತಿಳಿಯುತ್ತದೆ. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಬಹುಮಾನ ಪಡೆದ ರಷ್ಯದ ಪಾವ್ಲೋವ್ ಅವರ ಹೆಸರನ್ನು ಶಾಲೆಯಲ್ಲಿ ಓದಿದವರಿಗೆ ನೆನಪಿರಬಹುದು. ಅನ್ನ ಬರುವ ಸೂಚನೆ ಸಿಕ್ಕರೇ ನಾಯಿಯ ಬಾಯಲ್ಲಿ ನೀರೂರುವುದೆಂದು ಅವರು ತೋರಿಸಿದರು. ಒಂದರ ಬೆನ್ನಿಗೇ ಇನ್ನೊಂದು ಬಂದರೆ ನಾಯಿ ಅವೆರಡನ್ನೂ ಕೂಡಿಸಿಕೊಳ್ಳುತ್ತದೆ. ನಡುವೆ ಹೊತ್ತು ಕಳೆದರೆ ಕೂಡಿಸಿಕೊಳ್ಳದು.

ಬೈಗುಳಕ್ಕೂ ಇದೇ ಮಾತು. ಬೆಳಿಗ್ಗೆ ಎದ್ದು ಜಗಲಿಯಲ್ಲಿ ಗಲೀಜು ಕಂಡು, ಮರಿಯ ಕತ್ತು ಹಿಡಿದು ಮೂತಿ ತಿಕ್ಕುವ ಪದ್ಧತಿ ನಮ್ಮಲ್ಲಿ ಹಿಂದಿನಿಂದ ಇದೆ. ನಾವೂ ಮಾಡಿದ್ದೇವೆ. ಇದರಿಂದ ಮರಿ ಕಲಿಯುವುದು ಒಂದೇ, ಈ ಮನುಷ್ಯನ ಕೈ ಕೆಟ್ಟದ್ದು ಎಂದು. ರಾತ್ರಿ ಮಾಡಿದ್ದಕ್ಕೂ ಬೆಳಗಿನ ಪೆಟ್ಟಿಗೂ ನಂಟು ಅದಕ್ಕೆ ತಿಳಿಯದು. ಆಮೇಲೆ ಅದು ಅಡಗಿ ಅಡಗಿ ಮಂಚದ ಕೆಳಗೆ, ಚೀಲದ ಹಿಂದೆ ಮಾಡಲು ಸುರುಮಾಡುತ್ತದೆ. ಕಣ್ಣೆದುರೇ ಕೂರಲು ಹೊರಟರೆ ಚಪ್ಪಾಳೆ ತಟ್ಟಿ ತಡೆದು ಬಾಳೆಬುಡಕ್ಕೆ ಎತ್ತಿಕೊಂಡು ಹೋಗಿ. ಕಣ್ಣು ತಪ್ಪಿ ಆಗಿಹೋದರೆ ಬಾಯಿ ಮುಚ್ಚಿಕೊಂಡು ಬಳಿದು ಹಾಕಿ. ವಾಸನೆ ಉಳಿದರೆ ಅಲ್ಲಿಗೇ ಮರಳಿ ಬರುತ್ತದೆ. ಆದುದರಿಂದ ಸೋಪಿನ ನೀರಿನಲ್ಲಿ ಚೆನ್ನಾಗಿ ತೊಳೆದು, ಮೇಲೆ ಸ್ವಲ್ಪ ವಿನೆಗರ್ ಬೆರೆಸಿದ ನೀರನ್ನು ಹಾಕಿ ಒರೆಸುವುದು ಒಳ್ಳೆಯದು.

ಊಟಕ್ಕೆ ಹೊತ್ತು ಗೊತ್ತಿರಲಿ. ಹೊತ್ತಿಗೆ ಸರಿಯಾಗಿ ಉಂಡರೆ ಹೊತ್ತಿಗೆ ಸರಿಯಾಗಿ ಹೊರಕಡೆಗೂ ಹೋಗುತ್ತದೆ. ಸಿಕ್ಕಾಗ ಒಂದು ಮುದ್ದೆ ಎಸೆಯುವ ಮನೆಯಲ್ಲಿ ಈ ಪಾಠ ಕೂರದು. ನಮ್ಮ ಮರಿ ಐದು ತಿಂಗಳಿಗೆ ರಾತ್ರಿಯಿಡೀ ಸೌದೆ ಕೊಟ್ಟಿಗೆಯಲ್ಲಿ ಶುಚಿಯಾಗಿರಲು ಕಲಿಯಿತು. ಕೆಲವು ಮರಿಗಳು ಇನ್ನೂ ತಡಮಾಡುತ್ತವೆ, ಅದಕ್ಕೆ ಬೇಸರಿಸಬೇಕಾಗಿಲ್ಲ.

ಒಂದು ನಾಯಿ, ಐದು ಭಾಷೆ

ಹೇಳಿದ ಮಾತು ಕೇಳುವುದು ಎರಡನೆಯ ಪಾಠ. ಇಲ್ಲಿ ತಪ್ಪು ನಾಯಿಗಿಂತ ಮನೆಯವರದೇ ಹೆಚ್ಚು. ಅಪ್ಪಯ್ಯ "ಬಾರೋ" ಎನ್ನುತ್ತಾರೆ. ಬೆಂಗಳೂರಿನಿಂದ ಬಂದ ಮಗ "ಕಮ್" ಎನ್ನುತ್ತಾನೆ. ಹೆಂಗಸರು "ಕುರು ಕುರು" ಎನ್ನುತ್ತಾರೆ. ತುಳು ಆಡುವ ಆಳು "ಬಲ" ಎನ್ನುತ್ತಾನೆ, ಅಸ್ಸಾಮಿನಿಂದ ಬಂದವನು ಹಿಂದಿಯಲ್ಲಿ "ಆವೊ" ಎನ್ನುತ್ತಾನೆ. ಕೊನೆಗೆ ನಾಯಿಗೆ ಬುದ್ಧಿಯಿಲ್ಲವೆಂದು ಐವರೂ ಸೇರಿ ತೀರ್ಮಾನಿಸುತ್ತಾರೆ! ಒಂದು ಕೆಲಸಕ್ಕೆ ಒಂದೇ ಮಾತು, ಅದನ್ನೇ ಮನೆಮಂದಿಯೂ ಆಳುಗಳೂ ಆಡಬೇಕು.

ನಮಗೆ ಬೇಕಾದ ಮಾತುಗಳು ನಾಲ್ಕೇ. ಬಾ, ಕೂರು, ಇರು, ಬಿಡು. ಸರ್ಕಸ್ಸಿನ ಆಟ ನಮಗೆ ಬೇಕಾಗಿಲ್ಲ. ತಿಂಡಿಯ ಚೂರನ್ನು ಮರಿಯ ಮೂಗಿನ ಮೇಲಿಂದ ಹಿಂದಕ್ಕೆ ಒಯ್ದರೆ ತಲೆಯೆತ್ತಿ ತಾನಾಗಿ ಕೂರುತ್ತದೆ. ಕೂತ ಕ್ಷಣ "ಕೂರು" ಎಂದು ಹೇಳಿ ಚೂರನ್ನು ಕೊಡಬೇಕು. ಹತ್ತು ದಿನದಲ್ಲಿ ಮಾತಿಗೇ ಕೂರುತ್ತದೆ. ದಿನಕ್ಕೆ ಮೂರು ಸಲ, ಸಲಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ಬೇಡ, ಮರಿಗೆ ಬೇಸರ ಬರುತ್ತದೆ. "ಬಾ" ಎಂದು ಕರೆದು ಬಂದ ಮೇಲೆ ಎಂದಿಗೂ ಹೊಡೆಯಬಾರದು. ಕೋಳಿ ಹಿಡಿದು ಬಂದಿದ್ದರೂ ಸರಿಯೇ. ಕರೆದಾಗ ಬಂದು ಪೆಟ್ಟು ತಿಂದ ನಾಯಿ ಮುಂದೆ ಕರೆದಾಗ ಬರುವುದಿಲ್ಲ. ಹಾಗೆ ಮಾಡುವಷ್ಟು ದಡ್ಡತನ ಅದಕ್ಕಿಲ್ಲ.

ಕಣದ ಪಾಠವನ್ನೂ ಹೀಗೆಯೇ ಕಲಿಸಿದೆವು. ಹಗ್ಗ ಹಿಡಿದು ಕಣದ ಅಂಚಿನಲ್ಲಿ ದಿನವೂ ನಡೆಸುವುದು. ಒಳಗೆ ಕಾಲಿಡಲು ಹೋದರೆ "ಬಿಡು" ಎಂದು ನಿಲ್ಲಿಸುವುದು, ತಿರುಗಿ ನಮ್ಮ ಮುಖ ನೋಡಿದರೆ ತಿಂಡಿ. ಕೊಯ್ಲಿಗೆ ಎರಡು ತಿಂಗಳು ಮೊದಲೇ ಆರಂಭಿಸಿದ್ದರಿಂದ ಕಾಫಿ ಹರವುವ ಹೊತ್ತಿಗೆ ಅಭ್ಯಾಸವಾಗಿತ್ತು.

"ಬಿಡು" ಎಂಬ ಒಂದು ಮಾತು ನಾಯಿಯ ಪ್ರಾಣ ಉಳಿಸಬಲ್ಲದು. ನಮ್ಮ ತೋಟದಲ್ಲಿ ನಾಯಿಗೆ ವಿಷವಾಗುವ ವಸ್ತುಗಳು ಒಂದೆರಡಲ್ಲ. ಬಸವನಹುಳುವಿಗೆ ಇಡುವ ಮೆಟಾಲ್ಡಿಹೈಡ್ ಗುಳಿಗೆಗೆ ನಾಯಿ ಆಸೆಪಟ್ಟು ಬಾಯಿ ಹಾಕುತ್ತದೆ. ಇಲಿಪಾಷಾಣ ಇದೆ, ಬೋರ್ಡೋ ದ್ರಾವಣದ ಮೈಲುತುತ್ತ ಇದೆ. ಕಾಫಿಯಲ್ಲಿರುವ ಕೆಫೀನ್ ಕೂಡ ನಾಯಿಗೆ ಆಗದು. ಹಣ್ಣು, ಬೀಜ, ಪುಡಿ ಯಾವುದನ್ನೂ ತಿನ್ನಲು ಬಿಡಬಾರದು. ನಮ್ಮ ಅಡಿಕೆಗೂ ನಾಯಿಗೂ ಒಂದು ಹಳೆಯ ನಂಟಿದೆಯೆಂಬುದು ಅನೇಕರಿಗೆ ತಿಳಿದಿರಲಾರದು. ಅಡಿಕೆಯ ಅರೆಕೊಲಿನ್ ಎಂಬ ಸತ್ವವನ್ನು ನಾಯಿಯ ಹೊಟ್ಟೆಯ ಲಾಡಿಹುಳು ಕೆಡಹಲು ಬಹಳ ಕಾಲ ಔಷಧವಾಗಿ ಕೊಡುತ್ತಿದ್ದರು. ಕುರಿ ಸಾಕುವ ನ್ಯೂಜಿಲೆಂಡಿನಲ್ಲಿ ಸರಕಾರದ ಕಾರ್ಯಕ್ರಮದಲ್ಲೇ ಅದು ಬಳಕೆಯಾಗಿತ್ತು. ನಾಯಿಗೆ ಬಹಳ ನಿತ್ರಾಣ ತರುವ ಆ ಔಷಧ ಹಿಂದೆ ಸರಿದು ಈಗ ಪ್ರಾಜಿಕ್ವಾಂಟೆಲ್ ಬಂದಿದೆ. ಇದನ್ನೋದಿ ಯಾರೂ ನಾಯಿಗೆ ಅಡಿಕೆ ತಿನ್ನಿಸಲು ಹೋಗಬಾರದು. ಹುಳುವಿನ ಮಾತ್ರೆಯನ್ನು ಪಶುವೈದ್ಯರೇ ಕೊಡಲಿ.

ಜನರ ಪರಿಚಯ

ಕಚ್ಚುವ ನಾಯಿ ಹೆಚ್ಚಾಗಿ ಹೆದರಿದ ನಾಯಿ. ಮೂರು ವಾರದಿಂದ ಸುಮಾರು ಮೂರು ತಿಂಗಳ ತನಕ ಮರಿ ಕಂಡುಂಡದ್ದೆಲ್ಲ ಅದರ ಮನಸ್ಸಿನಲ್ಲಿ ಸಹಜವೆಂದು ನಿಲ್ಲುತ್ತದೆ. ಆ ದಿನಗಳಲ್ಲಿ ಅದಕ್ಕೆ ಮಕ್ಕಳನ್ನು, ತಲೆಹೊರೆ ಹೊತ್ತವರನ್ನು, ದೋಟಿ ಹಿಡಿದು ಬರುವ ಕೊನೆಗಾರನನ್ನು, ಕಂಬಳಿ ಕೊಪ್ಪೆ ಹಾಕಿದವರನ್ನು, ಕೊಡೆ ಬಿಚ್ಚುವವರನ್ನು, ಅಂಚೆಯವರನ್ನು ತೋರಿಸಬೇಕು. ಬಂದವರ ಕೈಯಲ್ಲೇ ಒಂದು ಚೂರು ತಿಂಡಿ ಕೊಡಿಸಬೇಕು. ಇದರಿಂದ ಕಾವಲು ಕೆಡುವುದೆಂಬುದು ತಪ್ಪು ತಿಳಿವಳಿಕೆ. ನಮ್ಮ ಈಗಿನ ನಾಯಿ ಅಪರಿಚಿತರು ಬಂದರೆ ಬೊಗಳುತ್ತದೆ, "ಇರು" ಎಂದರೆ ನಿಲ್ಲಿಸುತ್ತದೆ. ಕಾವಲೆಂದರೆ ತಿಳಿಸುವುದು. ಕಚ್ಚುವುದಲ್ಲ.

ಕೂಲಿಗೆ ಜನ ಸಿಗದ ಈ ಕಾಲದಲ್ಲಿ "ಆ ಮನೆಯ ನಾಯಿ ಕಚ್ಚುತ್ತದೆ" ಎಂಬ ಸುದ್ದಿ ಹಬ್ಬಿದರೆ ಎಷ್ಟು ಜನ ಬಂದಾರು? ಜೊತೆಗೆ ಕಾನೂನೂ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಂತೆ, ಸಾಕಿದ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ಎಚ್ಚರ ವಹಿಸದಿರುವುದು ಅಪರಾಧ. ಸದಾ ಕಟ್ಟಿರುವ ನಾಯಿಗೆ ಓಡಾಟ ಕೊಡದಿರುವುದು, ಸಾಕಿದ ಪ್ರಾಣಿಯನ್ನು ತೊರೆದುಬಿಡುವುದು ಎರಡೂ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಬೇಡವಾದ ಹೆಣ್ಣುಮರಿಗಳನ್ನು ಗೋಣಿಯಲ್ಲಿ ತುಂಬಿ ಸಂತೆಯ ಹತ್ತಿರವೋ ಘಾಟಿಯಲ್ಲೋ ಬಿಟ್ಟು ಬರುವವರು ನಮ್ಮಲ್ಲೇ ಇದ್ದಾರೆ. ಆ ಮರಿಗಳೇ ನಾಳೆ ಬೀದಿನಾಯಿಗಳ ಹಿಂಡಾಗಿ ನಮ್ಮ ಕರುವನ್ನು ಹಿಡಿಯುತ್ತವೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಈ ಪಾಪದಿಂದ ಪಾರಾಗಬಹುದು.

ಜಾತಿನಾಯಿಯ ಮೋಹದ ಬಗೆಗೂ ಒಂದು ಮಾತು. ನಮ್ಮ ನಾಡಿನ ಮುಧೋಳ ನಾಯಿಯ ಚಿತ್ರವಿರುವ ಅಂಚೆಚೀಟಿ 2005ರಲ್ಲಿ ಹೊರಬಂತು. ಅದರ ಕೀರ್ತಿ ಕೇಳಿ ತಂದು ಕಂಬಕ್ಕೆ ಕಟ್ಟಿದವರನ್ನು ಬಲ್ಲೆವು. ಬಯಲುಸೀಮೆಯಲ್ಲಿ ಮೊಲ ಅಟ್ಟಿ ಓಡಲು ಹುಟ್ಟಿದ ನಾಯಿಗೆ ಕಂಬಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇದೆಯೆ? ಕಲಿಸಲು ಹೊತ್ತಿಲ್ಲದವನಿಗೆ ಯಾವ ಜಾತಿಯ ನಾಯಿಯೂ ಒದಗದು. ಹೊತ್ತಿರುವವನಿಗೆ ನಮ್ಮ ಕಂತ್ರಿ ನಾಯಿಯೇ ಸಾಕು.

ಸಂಘಕ್ಕೆ ಒಂದು ಸಲಹೆ

ಕೊನೆಯದಾಗಿ ಹುಚ್ಚುನಾಯಿ ರೋಗದ ವಿಷಯ. ಲಕ್ಷಣ ಕಾಣಿಸಿದ ಮೇಲೆ ಈ ರೋಗದಿಂದ ಬದುಕಿ ಉಳಿಯುವುದು ಇಲ್ಲವೆಂದೇ ಹೇಳಬೇಕು. ಲಕ್ಷಣಕ್ಕೆ ಮೊದಲೇ ಮದ್ದು ಪಡೆದರೆ ತಪ್ಪಿಸಬಹುದು. ನಾಯಿ ಕಚ್ಚಿದ ಕೂಡಲೆ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಅರಿಸಿನ, ಮೆಣಸಿನಪುಡಿ ಮೆತ್ತಬಾರದು. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುವ ಹಳೆಯ ಮದ್ದು ನಮ್ಮ ದೇಶದಲ್ಲಿ 2005ರ ಹೊತ್ತಿಗೇ ನಿಂತಿದೆ. ಆ ಹೆದರಿಕೆಯಿಂದ ಯಾರೂ ಮನೆಯಲ್ಲಿ ಕೂರಬೇಕಾಗಿಲ್ಲ. ನಾಯಿಗೆ ಮೂರು ತಿಂಗಳಿಗೆ ಮೊದಲ ಲಸಿಕೆ, ವೈದ್ಯರು ಹೇಳಿದಾಗ ಇನ್ನೊಂದು, ಆಮೇಲೆ ವರ್ಷಕ್ಕೊಂದು ಹಾಕಿಸಬೇಕು. ನಾಯಿಯಿಂದ ಹರಡುವ ಈ ರೋಗವನ್ನು 2030ರೊಳಗೆ ತೊಡೆಯಬೇಕೆಂದು ಕೇಂದ್ರ ಸರಕಾರ 2021ರಲ್ಲಿ ಕಾರ್ಯಯೋಜನೆ ಪ್ರಕಟಿಸಿದೆ. ಅದು ಕಾಗದದ ಮೇಲೆ ಉಳಿಯದಿರಬೇಕಾದರೆ ಒಂಟಿ ಮನೆಗಳ ನಾಯಿಗಳಿಗೂ ಲಸಿಕೆ ತಲುಪಬೇಕು.

ಸೆಪ್ಟೆಂಬರ್ 28, ಲೂಯಿ ಪಾಸ್ಚರ್ ತೀರಿಕೊಂಡ ದಿನ, ವಿಶ್ವ ರೇಬೀಸ್ ದಿನವೆಂದು ಆಚರಣೆಯಲ್ಲಿದೆ. ಮಳೆ ಇಳಿದು ಕೊಯ್ಲಿನ ಗಡಿಬಿಡಿ ಇನ್ನೂ ಹೆಚ್ಚದ ಆ ಹೊತ್ತಿನಲ್ಲಿ, ಪ್ರತಿವರ್ಷ ನಮ್ಮ ಸಂಘದ ಗೋದಾಮಿನ ಅಂಗಳದಲ್ಲಿ ಪಶುವೈದ್ಯರನ್ನು ಕರೆಸಿ ಒಂದು ದಿನದ ಲಸಿಕೆ ಶಿಬಿರ ನಡೆಸಬಾರದೇಕೆ? ಸದಸ್ಯರ ನಾಯಿಗಳಿಗಷ್ಟೇ ಅಲ್ಲ, ಲೈನ್ ಮನೆಗಳ ನಾಯಿಗಳಿಗೂ ಅದು ತೆರೆದಿರಬೇಕು. ಕಚ್ಚಿಸಿಕೊಳ್ಳುವವರು ಹೆಚ್ಚಾಗಿ ನಮ್ಮಲ್ಲಿ ದುಡಿಯುವವರು ಮತ್ತು ಮಕ್ಕಳು. ಇದರ ಖರ್ಚು ಸಂಘಕ್ಕೆ ಹೊರಲಾರದ ಹೊರೆಯೇನಲ್ಲ. ಆಡಳಿತ ಮಂಡಳಿ ಮುಂದಿನ ಸಭೆಯಲ್ಲಿ ಇದನ್ನು ಪರಿಶೀಲಿಸಬೇಕೆಂದು ಕೋರುತ್ತೇವೆ.

ನಾಯಿಯ ಬಾಲ ಡೊಂಕೆಂದು ಗಾದೆಯಿದೆ. ಇರಲಿ, ಬಾಲ ಡೊಂಕಾಗಿದ್ದರೆ ಕಣಕ್ಕೇನೂ ನಷ್ಟವಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗದು ಎಂಬ ಇನ್ನೊಂದು ಗಾದೆಯನ್ನು ನಾವು ಅಡಿಕೆ ಸಸಿಗೆ, ಕಾಫಿ ಗಿಡಕ್ಕೆ ಅನ್ವಯಿಸುತ್ತೇವೆ. ಅಂಗಳದ ಮರಿಗೂ ಅನ್ವಯಿಸೋಣ. ಮೊನ್ನೆ ಸುಲಿಯಲು ಬಂದಿದ್ದಾಗ ಆ ಹೆಂಗಸು "ಕೂರು" ಎಂದಳು. ನಮ್ಮ ನಾಯಿ ಅವಳ ಕಾಲ ಬಳಿಯೇ ಕೂತಿತು. ಅವಳ ಮೀನಖಂಡದ ಮೇಲೆ ಹಳೆಯ ಗಾಯದ ಕಲೆ ಇನ್ನೂ ಇದೆ.